ಬೆನ್ನುಗಳ ಪರಿಚಯ

ಕಳೆದ ಡಿಸೆಂಬರಿನ ಒಂದು ಸೋಮವಾರ ಮಂಗಳೂರಿನ ನಮ್ಮ ಬ್ಯಾಂಕಿನ ಶಾಖೆಗೆ ಹಿರಿಯರೊಬ್ಬರು ಬಂದು, ನನ್ನ ಮೇಜಿನ ಎದುರು ಕುಳಿತು, ಅವಧಿ ಮುಗಿದ ಠೇವಣಿಯನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದರೆ ಬಡ್ಡಿ ಎಷ್ಟು, ಹಿರಿಯ ನಾಗರಿಕರಿಗೆ ಕೊಡುವ ಹೆಚ್ಚುವರಿ ಅರ್ಧ ಶೇಕಡಾ ಈಗಲೂ ಉಂಟೋ ಇಲ್ಲವೋ ಎಂದು ಹತ್ತು ನಿಮಿಷ ವಿಚಾರಿಸಿದರು. ಒಬ್ಬರನ್ನೊಬ್ಬರು ಮೊದಲ ಬಾರಿಗೆ ಕಾಣುತ್ತಿರುವವರ ಸಭ್ಯತೆಯಲ್ಲಿ ನಮ್ಮ ಮಾತು ನಡೆಯಿತು. ಕಾಗದಕ್ಕೆ ಸಹಿ ಹಾಕಿ, ಪೆನ್ನು ಹಿಂದಿರುಗಿಸಿ, ಅವರು ಎದ್ದು ಬಾಗಿಲ ಕಡೆಗೆ ತಿರುಗಿದರು ನೋಡಿ, ನನಗೆ ಒಮ್ಮೆಲೇ ಗುರುತು ಹತ್ತಿತು. ಎಡ ಹೆಗಲಿಗಿಂತ ಒಂದು ಬೆರಳು ಕೆಳಗಿರುವ ಬಲ ಹೆಗಲು, ಕುತ್ತಿಗೆಯ ಹಿಂಭಾಗದಲ್ಲಿ ಎಂಟಾಣೆಯಗಲದ ಮಚ್ಚೆ, ಹೆಜ್ಜೆ ಹಾಕುವಾಗ ಯಾರನ್ನೋ ತಿವಿಯುವಂತೆ ಹೊರಚಾಚುವ ಎಡ ಮೊಣಕೈ. ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಕೂಳೂರು ಸೇತುವೆಯಿಂದ ಪಣಂಬೂರಿನವರೆಗೆ ನಾನು ಕಣ್ಣು ಕೀಲಿಸಿ ಓಡುತ್ತಿದ್ದ ಬೆನ್ನು ಅದೇ. "ಸರ್, ನೀವು ಭಾನುವಾರ ಓಡಲು ಬರುವವರಲ್ಲವಾ?" ಎಂದು ಕರೆದೆ. ಅವರು ತಿರುಗಿದರು. ತಿರುಗಿದ ಕೂಡಲೇ ಮತ್ತೆ ಅಪರಿಚಿತರಾದರು.

"ಹೌದು, ಬರುತ್ತೇನೆ. ನೀವೂ ಬರುವುದುಂಟಾ? ನಿಮ್ಮನ್ನು ನಾನು ನೋಡಿಯೇ ಇಲ್ಲವಲ್ಲ" ಎಂದರು. ಅವರು ನೋಡುವುದಾದರೂ ಹೇಗೆ?

ಗುಂಪಿನ ಓಟ ಬೆಳಗಿನ ಐದು ಗಂಟೆಗೆ ಮಂಗಳಾ ಕ್ರೀಡಾಂಗಣದ ಗೇಟಿನಿಂದ ಹೊರಡುತ್ತದೆ. ಉಳಿದವರು ಕೈಕಾಲು ಬೀಸಿ ಮೈ ಬಿಸಿ ಮಾಡಿಕೊಂಡು ಮುಗಿಸುವ ಹೊತ್ತಿಗೆ ನಾನು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿರುತ್ತೇನೆ. ಆಗಿನ್ನೂ ಕತ್ತಲು, ಎಲ್ಲರ ತಲೆಯ ಮೇಲೂ ಟೊಪ್ಪಿ. ಲೇಡಿಹಿಲ್ ದಾಟುವಷ್ಟರಲ್ಲಿ ವೇಗದವರು ಕಣ್ಮರೆಯಾಗಿರುತ್ತಾರೆ, ಕೊಟ್ಟಾರ ಚೌಕಿ ಬರುವಾಗ ಮಧ್ಯಮರೂ ಕರಗಿರುತ್ತಾರೆ. ಪಣಂಬೂರಿನಿಂದ ಹಿಂದಿರುಗುವವರು ಎದುರಾಗುವುದು ನಿಜ, ಆದರೆ ಅಷ್ಟು ಹೊತ್ತಿಗೆ ಬೆವರಿನಲ್ಲಿ ಮಂಜಾದ ನನ್ನ ಕನ್ನಡಕ ಜೇಬು ಸೇರಿರುವುದರಿಂದ, ಎದುರಿನಿಂದ ಬರುವ ಮುಖಗಳೆಲ್ಲ ನನಗೆ ಒಂದೇ ಬಗೆಯ ಬಿಳಿಚು ಕಲೆಗಳು. ಸ್ಪಷ್ಟವಾಗಿ, ದೀರ್ಘಕಾಲ, ಸಾವಧಾನವಾಗಿ ನೋಡಲು ಸಿಗುವುದೆಂದರೆ ನನಗಿಂತ ಇಪ್ಪತ್ತು ಮಾರು ಮುಂದೆ ಓಡುವವರ ಬೆನ್ನು ಮಾತ್ರ.

ಹೀಗೆ ಬೆನ್ನುಗಳನ್ನೇ ನೋಡುತ್ತ ಹೋದವನಿಗೆ ನಮ್ಮ ಭಾಷೆಯಲ್ಲಿ ಬೆನ್ನಿಗಿರುವ ಗೌರವವೂ ಅಗೌರವವೂ ಒಟ್ಟೊಟ್ಟಿಗೇ ಹೊಳೆಯುತ್ತವೆ. ಮೆಚ್ಚಿದರೆ ಬೆನ್ನು ತಟ್ಟುತ್ತೇವೆ, ಕಷ್ಟಕಾಲದಲ್ಲಿ ಬೆನ್ನಿಗೆ ನಿಲ್ಲುತ್ತೇವೆ, ಸಾಲ ಕೊಟ್ಟವರು ಬೆನ್ನು ಬಿಡುವುದಿಲ್ಲ. ಯುದ್ಧದಲ್ಲಿ ಬೆನ್ನು ತೋರಿಸಿದವನು ಹೇಡಿ. ಓಟದಲ್ಲಾದರೋ ಬೆನ್ನು ತೋರಿಸಿದವನೇ ಶೂರ. ಆ ಲೆಕ್ಕದಲ್ಲಿ, ಕೌರವ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ಓಟಗಾರರ ಮೂಲಪುರುಷನೆಂದು ಒಪ್ಪಿಕೊಳ್ಳಬಹುದು. ಪಾಪ, ಅವನನ್ನು ಅಟ್ಟಿಸಿಕೊಂಡು ಹೋದ ಬೃಹನ್ನಳೆಗೂ ಮೊದಲು ಕಂಡದ್ದು ಅವನ ಬೆನ್ನೇ.

ನಾನು ಈ ಕುಲಕ್ಕೆ ಸೇರಿದ್ದು ಆರೋಗ್ಯದ ಕಾಳಜಿಯಿಂದಲ್ಲ, ಜಿಪುಣತನದಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಮೂರು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ನಡೆಯುವ ಒಂದು 10 ಕಿಲೋಮೀಟರ್ ಓಟಕ್ಕೆ ತನ್ನ ಹೆಸರಿನ ಜೊತೆಗೆ ನನ್ನ ಹೆಸರನ್ನೂ ನೋಂದಾಯಿಸಿ, ಇಬ್ಬರ ಶುಲ್ಕವನ್ನೂ ನನ್ನ ಖಾತೆಯಿಂದಲೇ ಕಟ್ಟಿಸಿ, ಆಮೇಲೆ ರಜೆ ಸಿಗಲಿಲ್ಲವೆಂದು ತಾನು ಬಾರದೆ ಉಳಿದ. ಒಂದು ಪಾಲು ಹೇಗೂ ನೀರಿಗೆ ಹೋಯಿತು, ಇನ್ನೊಂದನ್ನಾದರೂ ಕಾಲಿನಿಂದ ವಸೂಲಿ ಮಾಡೋಣವೆಂದು ಕ್ರೀಡಾಂಗಣಕ್ಕೆ ಹೋದೆ. ಏಷ್ಯನ್ ಗೇಮ್ಸ್‌ನಲ್ಲಿ ಪದಕ ಗೆದ್ದ ಎಂ.ಆರ್. ಪೂವಮ್ಮ ಓಡಿ ಬೆಳೆದ ಊರಿನಲ್ಲಿ ನಾನು ಎರಡು ಸುತ್ತಿಗೆ ಸೊಂಟ ಹಿಡಿದು ನಿಂತಿದ್ದಾಗ, ಪಕ್ಕದಲ್ಲಿ ಹಾದುಹೋದ ಒಬ್ಬರು ನಿಲ್ಲದೆಯೇ ಹೇಳಿದರು: "ಒಬ್ಬರೇ ಎಂತಕ್ಕೆ ಮಾರಾಯ್ರೆ ಕಷ್ಟಪಡುವುದು? ಭಾನುವಾರ ಬನ್ನಿ, ಒಟ್ಟಿಗೆ ಕಷ್ಟಪಡುವ." ಈಗ ನೆನೆದರೆ ಅವರ ಮುಖ ನೆನಪಾಗುವುದಿಲ್ಲ, ಬೆನ್ನ ಮೇಲೆ ಅಡ್ಡಲಾಗಿ ಅಚ್ಚಾಗಿದ್ದ ಪಿವಿಸಿ ಪೈಪಿನ ಜಾಹೀರಾತು ನೆನಪಿದೆ.

ಬೆಳಗಿನ ಐದು ಗಂಟೆಗೆ ರಸ್ತೆಯಲ್ಲಿ ಓಡುವ ನಡುವಯಸ್ಸಿನವನನ್ನು ಕಂಡರೆ ಊರಿಗೆ ಸಹಜವಾಗಿ ಸಂಶಯ ಬರುತ್ತದೆ. ಬುಟ್ಟಿ ಇಟ್ಟುಕೊಂಡು ಮೊದಲ ಬಸ್ಸಿಗೆ ಕಾಯುವ ಮೀನಿನ ಹೆಂಗಸರು ಆರಂಭದಲ್ಲಿ "ಬಸ್ಸು ತಪ್ಪಿತಾ?" ಎಂದು ಕರುಣೆಯಿಂದ ವಿಚಾರಿಸುತ್ತಿದ್ದರು, ಮೂರು ವಾರವೂ ನನಗೆ ಬಸ್ಸು ತಪ್ಪಿದ್ದನ್ನು ಕಂಡು ಕೇಳುವುದನ್ನು ಬಿಟ್ಟರು. ನಾಯಿಗಳಿಗೆ ಇಷ್ಟು ವಿವೇಕವಿಲ್ಲ. ಓಡುವವನನ್ನು ಅಟ್ಟುವುದು ಅವುಗಳ ಧರ್ಮವಾದ್ದರಿಂದ, ನಿಂತು, ನಡೆದು, ನಾನು ಓಡುವವನೇ ಅಲ್ಲ ಎಂಬ ಮುಖಭಾವದಿಂದ ಅವುಗಳ ಗಡಿ ದಾಟಬೇಕು. ಹಿಂದೆಲ್ಲ ರಾತ್ರಿಯಿಡೀ ಬಯಲಾಟ ನೋಡಿ ತೂಕಡಿಸುತ್ತ ಬೈಕಿನಲ್ಲಿ ಮನೆಗೆ ಮರಳುವವರು ಈ ಹೊತ್ತಿಗೆ ಎದುರಾಗುತ್ತಿದ್ದರಂತೆ. ಕಾಲಮಿತಿಯ ಯಕ್ಷಗಾನ ಹೆಚ್ಚಾದ ಮೇಲೆ ಅವರು ಮಧ್ಯರಾತ್ರಿಗೇ ಮನೆ ಸೇರುತ್ತಾರೆ, ರಸ್ತೆ ಲಾರಿಗಳಿಗೂ ನಮಗೂ ಉಳಿದಿದೆ.

ಗುಂಪಿನ ಓಟಕ್ಕೊಂದು ಶಾಸ್ತ್ರವಿದೆ. ದೂರದ ಓಟವನ್ನು ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಈ ಶಾಸ್ತ್ರ ಯಾರ ವೇಗಕ್ಕೆ ಯಾರ ಮಾತು ಎಂಬುದನ್ನು ಹೇಳುವುದಿಲ್ಲ. ಉರ್ವಸ್ಟೋರ್‌ವರೆಗೆ ನಾನು ಬಂಗುಡೆಯ ದರ, ನಂತೂರಿನ ಟ್ರಾಫಿಕ್, ಮಗಳ ಸಿಇಟಿ ಇತ್ಯಾದಿಗಳ ಬಗ್ಗೆ ಪೂರ್ಣ ವಾಕ್ಯಗಳಲ್ಲಿ ಅಭಿಪ್ರಾಯ ಕೊಡಬಲ್ಲೆ. ಕೊಟ್ಟಾರದಲ್ಲಿ ಕ್ರಿಯಾಪದಗಳು ಉದುರುತ್ತವೆ. ಫಲ್ಗುಣಿ ನದಿಯ ಮೇಲಿನ ಸೇತುವೆ ಹತ್ತುವಾಗ ನನ್ನಲ್ಲಿ ಉಳಿಯುವುದು "ಹೂಂ" ಒಂದೇ. ಅದೇ ಹೊತ್ತಿಗೆ ಪಕ್ಕದ ತರುಣ ದಂತವೈದ್ಯರು ಉಸಿರು ಸ್ವಲ್ಪವೂ ಏರದೆ ದವಡೆಯ ಹಲ್ಲಿನ ಬೇರಿನ ಚಿಕಿತ್ಸೆಯನ್ನು ವಿವರಿಸುತ್ತಿರುತ್ತಾರೆ. ಹೊರಡುವ ಮುನ್ನ "ಇವತ್ತು ತೀರಾ ನಿಧಾನ ಸರ್, ಕಾಲು ನೋವುಂಟು" ಎಂದವರೂ ಅವರೇ. ಓಟಗಾರರ ಬಾಯಲ್ಲಿ ಬರುವ "ನಿಧಾನ" ಎಂಬ ಶಬ್ದವನ್ನು ಮದುವೆ ಮನೆಯ "ಸ್ವಲ್ಪವೇ ಬಡಿಸಿ" ಎಂಬುದರ ಸಾಲಿಗೆ ಸೇರಿಸಬೇಕು.

ಸಮುದ್ರ ತೀರದ ಊರೆಂದ ಮೇಲೆ ಮಂಗಳೂರು ಸಪಾಟಾಗಿರಬೇಕೆಂದು ಹೊರಗಿನವರು ಭಾವಿಸುವುದುಂಟು. ಇಪ್ಪತ್ತು ವರ್ಷ ಸ್ಕೂಟರಿನಲ್ಲಿ ಓಡಾಡಿದ ನಾನೂ ಬಹುಮಟ್ಟಿಗೆ ಹಾಗೆಯೇ ಭಾವಿಸಿದ್ದೆ. ಏರು ಯಾವುದು, ಇಳಿಜಾರು ಯಾವುದು ಎಂಬುದು ಪೆಟ್ರೋಲಿಗೆ ಮಾತ್ರ ಗೊತ್ತಿತ್ತು. ಓಡತೊಡಗಿದ ಮೇಲೆ ಊರಿನ ಹೆಸರುಗಳ ಅರ್ಥ ಮೊಣಕಾಲಿನ ಮೂಲಕ ತಿಳಿಯಿತು. ಬಾವುಟಗುಡ್ಡೆ, ಮಣ್ಣಗುಡ್ಡ ಎಂದು ಹೆಸರಿಟ್ಟವರು ಅಲ್ಲಿ ಗುಡ್ಡವಿದೆಯೆಂದು ಪ್ರಾಮಾಣಿಕವಾಗಿ ಎಚ್ಚರಿಸಿದ್ದರು. ಕೊಡಿಯಾಲಬೈಲಿನ ಬೈಲು ಎಂದರೆ ಗುಡ್ಡಗಳ ನಡುವಿನ ತಗ್ಗಾದ ಗದ್ದೆಯ ಜಾಗ, ಅಂದರೆ ಅಲ್ಲಿಂದ ಎತ್ತ ಹೊರಟರೂ ಏರಲೇಬೇಕು. ಪದವಿನಂಗಡಿಯ ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು. ತಲುಪಿದ ಮೇಲೆ ಸಮತಟ್ಟು ಹೌದು, ತಲುಪಬೇಕಲ್ಲ. ಗದ್ದೆಗಳು ಹೋಗಿ ಅಪಾರ್ಟ್‌ಮೆಂಟುಗಳು ಬಂದು, ಬೈಲಿಗೂ ಗುಡ್ಡೆಗೂ ಒಂದೇ ಬಣ್ಣದ ಕಾಂಕ್ರೀಟು ಬಿದ್ದಿದ್ದರೂ ಈ ಹೆಸರುಗಳು ಸುಳ್ಳಾಗಿಲ್ಲವೆಂಬುದನ್ನು ತಿಂಗಳಿಗೊಮ್ಮೆ ನಡೆಯುವ ನಮ್ಮ ಗುಡ್ಡದ ಓಟದಲ್ಲಿ ಪರೀಕ್ಷಿಸಬಹುದು. ಮಲ್ಲಿಕಟ್ಟೆಯಿಂದ ಕದ್ರಿ ದೇವಸ್ಥಾನದ ಕಡೆಗೆ ಹತ್ತಿ ಇಳಿದು, ಇಳಿದು ಹತ್ತಿ, ನಾಲ್ಕನೆಯ ಸುತ್ತಿಗೆ ನಾನು ನಡೆಯತೊಡಗುತ್ತೇನೆ. ಆ ದೇವಸ್ಥಾನದೊಳಗೆ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯಿದೆ; ಮೂರು ಮುಖ, ಆರು ಕೈ. ಸಾವಿರ ವರ್ಷಗಳಿಂದ ಕುಳಿತಲ್ಲೇ ಇರುವ ಅವನಿಗೆ ಹೊರಗಿನ ಈ ಏದುಸಿರು ಕೇಳಿದರೆ ಏನೆನ್ನಿಸೀತೋ. ಒಂದಂತೂ ಖಚಿತ, ಮೂರು ಮುಖವುಳ್ಳವನ ಹಿಂದೆ ಓಡಿದ್ದರೆ ನನಗೆ ಬ್ಯಾಂಕಿನಲ್ಲಿ ಆದಂಥ ಮುಜುಗರ ಆಗುತ್ತಿರಲಿಲ್ಲ.

ಗುಡ್ಡಕ್ಕಿಂತ ದೊಡ್ಡ ಎದುರಾಳಿ ನಮ್ಮ ಹವೆ. ಬೆವರು ಸುರಿದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಅದು ಆರಬೇಕು. ಗಾಳಿಯೇ ಒದ್ದೆಯಾಗಿರುವ ಕರಾವಳಿಯಲ್ಲಿ ಅದು ಆರದೆ, ಮೊಣಕೈಯ ತುದಿಯಿಂದ ತೊಟ್ಟಿಕ್ಕಿ, ಕಾಲುಚೀಲದೊಳಗೆ ಇಳಿದು, ಬೂಟಿನಲ್ಲಿ ಪಚಪಚ ಸದ್ದು ಮಾಡುತ್ತದೆ. ಏಪ್ರಿಲಿನಲ್ಲಿ ನನ್ನ ಬೂಟಿನ ಸದ್ದು ಕೇಳಿ ರಾತ್ರಿ ಮಳೆ ಬಂದಿತ್ತೇ ಎಂದು ಕೇಳಿದವರಿದ್ದಾರೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪಿನಲ್ಲಿ ಅಭ್ಯಾಸ ಮಾಡುವ ಆ ಸೋದರಳಿಯ ಕಳೆದ ವರ್ಷ ಊರಿಗೆ ಬಂದವನು, "ಮಾವ, ನಿಮ್ಮ ವೇಗದಲ್ಲೇ ಓಡುವ" ಎಂದು ಔದಾರ್ಯ ತೋರಿ ನನ್ನೊಡನೆ ಹೊರಟ. ಆರನೆಯ ಕಿಲೋಮೀಟರಿನಲ್ಲಿ ಅವನ ಔದಾರ್ಯ ಕರಗಿತು, ಎಂಟನೆಯದರಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಬೊಂಡದ (ಎಳನೀರಿನ) ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿದ. ಮೂರು ವರ್ಷದಲ್ಲಿ ಇನ್ನೊಬ್ಬರಿಗೆ ನಾನು ಬೆನ್ನು ತೋರಿಸಿದ್ದು ಅದೊಂದೇ ಸಲ ಎಂದು ಆಗ ತಿಳಿದುಕೊಂಡಿದ್ದೆ.

ಜೂನ್ ಬಂದರೆ ಬೇರೆ ಕಥೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮಳೆ ನಿಂತ ಮೇಲೆ ಓಡುತ್ತೇನೆ ಎಂದವನು ಸೆಪ್ಟೆಂಬರಿನವರೆಗೆ ಕಾಯಬೇಕು. ಐವತ್ತು ಜನರ ಗುಂಪು ಹನ್ನೆರಡಕ್ಕೆ ಇಳಿಯುತ್ತದೆ. ಆ ಹನ್ನೆರಡು ಮಂದಿಯ ಮನೆಗಳಲ್ಲಿ ಭಾನುವಾರದ ಪತ್ರಿಕೆಯನ್ನು ಯಾರೂ ಓದಿ ಮುಗಿಸುವುದಿಲ್ಲ. ಅದು ಉಂಡೆಯಾಗಿ ಒದ್ದೆ ಬೂಟಿನೊಳಗೆ ಸೇರಿ, ಬೂಟು ಫ್ರಿಜ್ಜಿನ ಹಿಂಬದಿಯ ಬಿಸಿಗೆ ಸೇರುತ್ತದೆ. ನಮ್ಮ ಮನೆಯಲ್ಲಿ ಪುರವಣಿಗೆ ಮಾತ್ರ ವಿನಾಯಿತಿ.

ನನ್ನ ಸ್ಥಿತಿಯನ್ನು ಸಮರ್ಥಿಸಿಕೊಳ್ಳಲೆಂದೇ ಓಟದ ಚರಿತ್ರೆಯನ್ನು ಸ್ವಲ್ಪ ಓದಿಕೊಂಡಿದ್ದೇನೆ. ದೊಡ್ಡವರೂ ಬೆನ್ನು ನೋಡಿಯೇ ಓಡಿದ್ದಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲನಿಗೆ, ಮೊರಾಕ್ಕೊದ ರಾದಿ ಎಂಬ ಎದುರಾಳಿ 26ನೇ ಸಂಖ್ಯೆ ಧರಿಸಿರುತ್ತಾನೆ, ಅವನ ಮೇಲೆ ಕಣ್ಣಿಡು ಎಂದು ಹೇಳಿ ಕಳುಹಿಸಿದ್ದರಂತೆ. ರಾದಿ ತೊಟ್ಟದ್ದು 185. ಬಿಕಿಲ ದಾರಿಯುದ್ದಕ್ಕೂ 26 ಎಂದು ಬರೆದ ಬೆನ್ನು ಇನ್ನೂ ಮುಂದೆಲ್ಲೋ ಇದೆಯೆಂದು ಹುಡುಕುತ್ತ ಓಡಿದ. ರಾದಿ ಬಹುದೂರ ಅವನ ಪಕ್ಕದಲ್ಲೇ ಇದ್ದ. 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಆ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗ, ಗಾಳಿಯನ್ನು ಸೀಳಲೆಂದು ಐವರು ಅವನ ಮುಂದೆ, ಇಬ್ಬರು ಹಿಂದೆ ಓಡುತ್ತಿದ್ದರು; ಒಬ್ಬರು ದಣಿದರೆ ಇನ್ನೊಬ್ಬರು ಬರುವಂತೆ ಒಟ್ಟು 41 ಮಂದಿ. ಹೀಗೆ ಸರದಿಯಲ್ಲಿ ಜನ ಬದಲಾದದ್ದೂ ಸೇರಿದಂತೆ ಹಲವು ಕಾರಣಗಳಿಂದ ಅದು ಅಧಿಕೃತ ದಾಖಲೆಯಾಗಲಿಲ್ಲ. ನನ್ನ ವೇಗಕ್ಕೆ ಗಾಳಿ ಒಂದು ತೊಂದರೆಯೇ ಅಲ್ಲ; ಆದರೆ ಎರಡು ಗಂಟೆ ಬೆನ್ನುಗಳನ್ನೇ ನೋಡುವುದರಲ್ಲಿ ಕಿಪ್ಚೋಗೆಗೂ ನನಗೂ ವ್ಯತ್ಯಾಸವಿಲ್ಲ. ನನ್ನದು ಮೂರು ಗಂಟೆ ಎನ್ನಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2020ರ ಫೆಬ್ರವರಿಯಲ್ಲಿ ನಮ್ಮ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟು ದೇಶವೇ ಕುಣಿದಾಡಿತು. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡಿ ತೋರಿಸಲು ಆಹ್ವಾನವೂ ಬಂತು, ಅವರು ಒಪ್ಪಲಿಲ್ಲ. ಒಪ್ಪದ್ದೇ ಸರಿಯೆಂದು ನನಗೆ ತೋರುತ್ತದೆ. ಕೆಸರಿನಲ್ಲಿ ಓಡುವವನ ಮುಂದೆ ಎರಡು ಕೋಣಗಳ ಬೆನ್ನಿರುತ್ತವೆ. ಅವುಗಳ ವೇಗವೇ ಅವನ ವೇಗ. ಖಾಲಿ ಟ್ರ್ಯಾಕಿನ ಮೇಲೆ ಯಾವ ಬೆನ್ನನ್ನೂ ಕೊಡದೆ ಒಬ್ಬನನ್ನೇ ನಿಲ್ಲಿಸಿ ಓಡು ಎಂದರೆ ಅದು ಬೇರೆಯೇ ಆಟ. ನಾನು ವಾರದ ನಡುವೆ ಒಬ್ಬನೇ ಓಡಲು ಹೊರಟ ದಿನಗಳಲ್ಲಿ ಮೂರನೆಯ ಕಿಲೋಮೀಟರಿಗೇ ಮನೆಗೆ ತಿರುಗುವುದಕ್ಕೂ ಇದೇ ಕಾರಣವೆಂದು ಹೆಂಡತಿಗೆ ವಿವರಿಸಿದೆ. ಕೋಣಗಳ ಉಲ್ಲೇಖ ಸಮಂಜಸವಾಗಿದೆ ಎಂದಳು.

ಸ್ಪರ್ಧೆಯ ದಿನ ಇದೆಲ್ಲಕ್ಕೂ ಒಂದು ಉತ್ಸವದ ಕಳೆ ಬರುತ್ತದೆ. ಹಿಂದಿನ ರಾತ್ರಿ ಎದೆಗೆ ಕಟ್ಟುವ ಸಂಖ್ಯೆಯ ಬಿಬ್ಬನ್ನು ಅಂಗಿಗೆ ಚುಚ್ಚುವ ಕಾರ್ಯಕ್ರಮ. ಬಿಬ್ಬಿನ ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಅಂಗಿಯನ್ನು ಮೇಜಿನ ಮೇಲೆ ಹರಡಿ ಚುಚ್ಚಿದರೆ ನೇರವಾಗಿ ಕೂರುತ್ತದೆ, ತೊಟ್ಟಾಗ ಹೊಟ್ಟೆಯ ಮೇಲೆ ದೋಣಿಯಂತೆ ಬಾಗುತ್ತದೆ. ತೊಟ್ಟುಕೊಂಡೇ ಚುಚ್ಚಿದರೆ ಮೂರನೆಯ ಪಿನ್ನು ಚರ್ಮವನ್ನೂ ಸೇರಿಸಿಕೊಳ್ಳುತ್ತದೆ. ಕೊನೆಗೆ ನಾನು ಉಸಿರು ಹಿಡಿದು ನಿಂತು, ಹೆಂಡತಿ ತುಟಿಗಳ ನಡುವೆ ಎರಡು ಪಿನ್ನು ಕಚ್ಚಿಕೊಂಡು, ಮಗಳು ದೂರದಿಂದ "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ನಿರ್ದೇಶಿಸುತ್ತ, ತುಳಸಿಕಟ್ಟೆಗೆ ದೀಪದ ಸರ ಕಟ್ಟುವಷ್ಟು ಸಮಯ ತೆಗೆದುಕೊಳ್ಳುತ್ತೇವೆ.

ಬಿಬ್ಬಿನ ಹಿಂದೆ ಅಂಟಿಸಿರುವ ಎಲೆಕ್ಟ್ರಾನಿಕ್ ಚಿಪ್ಪು ನನ್ನಂಥವರ ಪಾಲಿಗೆ ದೊಡ್ಡ ಉಪಕಾರಿ. ಸಾವಿರಾರು ಜನರ ಹಿಂದೆ ನಿಂತವನು ಆರಂಭದ ಗೆರೆ ಮುಟ್ಟುವಾಗ ಬಾವುಟ ಬೀಸಿ ನಾಲ್ಕು ನಿಮಿಷ ಕಳೆದಿರುತ್ತದೆ. ಗೆರೆಯ ಮೇಲೆ ಹಾಸಿದ ಚಾಪೆಯನ್ನು ತುಳಿದ ಕ್ಷಣದಿಂದಲೇ ಅವನ ಸಮಯವನ್ನು ಲೆಕ್ಕ ಹಿಡಿಯುವ ನ್ಯಾಯ ಈ ಚಿಪ್ಪಿನಿಂದ ಸಿಗುತ್ತದೆ. ಆದರೆ ನೀರಿನ ಮೇಜುಗಳಿಗೆ ಚಿಪ್ಪಿನ ನ್ಯಾಯ ಗೊತ್ತಿಲ್ಲ. ನನ್ನ ಮೊದಲ 21 ಕಿಲೋಮೀಟರ್ ಸ್ಪರ್ಧೆಯಲ್ಲಿ ಹದಿನೇಳನೆಯ ಕಿಲೋಮೀಟರಿನ ಮೇಜನ್ನು ನಾನು ತಲುಪಿದಾಗ ನೀರು ಮುಗಿದು, ಖಾಲಿ ಲೋಟಗಳ ರಾಶಿಯ ನಡುವೆ ಇಬ್ಬರು ಕಾಲೇಜು ಹುಡುಗರು ಬಹಳ ನಾಚಿಕೆಯಿಂದ ಚಪ್ಪಾಳೆ ತಟ್ಟುತ್ತಿದ್ದರು. ಶುಲ್ಕ ಎಲ್ಲರಿಗೂ ಒಂದೇ. ಬಿಸಿಲಿನಲ್ಲಿ ಹೆಚ್ಚು ಹೊತ್ತು ಇರುವವರು ನಿಧಾನದವರು. ನೀರು ಮೊದಲು ಮುಗಿಯುವುದು ಅವರಿಗೇ. ಇದನ್ನು ಸಂಘಟಕರಿಗೆ ಬರೆದು ತಿಳಿಸಿದೆ. ಉತ್ತರವಾಗಿ ಮುಂದಿನ ವರ್ಷದ ನೋಂದಣಿಗೆ ಹತ್ತು ಶೇಕಡಾ ರಿಯಾಯಿತಿ ಬಂತು. ಕೂಡಲೇ ಹೆಸರು ಕೊಟ್ಟೆ.

ಆ ದಿನ ಹದಿನಾಲ್ಕನೆಯ ಕಿಲೋಮೀಟರಿನವರೆಗೆ ನನ್ನನ್ನು ಎಳೆದೊಯ್ದದ್ದು ಪೇಸರ್ ಒಬ್ಬರ ಬೆನ್ನು. ಪೇಸರ್ ಎಂದರೆ ಹೇಳಿದ ಸಮಯಕ್ಕೆ ಸರಿಯಾಗಿ ಗುರಿ ಮುಟ್ಟುವಂತೆ ಒಂದೇ ವೇಗದಲ್ಲಿ ಓಡುವವರು. ಬೆನ್ನಿಗೆ ಕಟ್ಟಿಕೊಂಡ ಪುಟ್ಟ ಬಾವುಟದ ಮೇಲೆ ಅವರ ಸಮಯ ಬರೆದಿರುತ್ತದೆ. 2:30 ಎಂಬ ಬಾವುಟ ಮೊದಲು ಕೈಗೆಟುಕುವಷ್ಟು ಹತ್ತಿರವಿತ್ತು, ಆಮೇಲೆ ಒಂದು ಬಸ್ಸಿನಷ್ಟು ದೂರ, ಆಮೇಲೆ ಒಂದು ತಿರುವಿನಷ್ಟು. ತೇರಿನ ಹಿಂದೆ ಹೋಗುತ್ತಿದ್ದವನ ಕೈಯಿಂದ ಅಮ್ಮನ ಸೆರಗು ತಪ್ಪಿದಂತಾಯಿತು. ನಾನು ಮುಟ್ಟಿದ್ದು 2 ಗಂಟೆ 51 ನಿಮಿಷಕ್ಕೆ. ಕೊರಳಿಗೆ ಪದಕ ಬಿತ್ತು, ಕೈಗೆ ಬಾಳೆಹಣ್ಣು ಬಂತು. ಪುಣ್ಯಕ್ಕೆ ಪದಕಗಳು ಮುಗಿದಿರಲಿಲ್ಲ.

ನೆಂಟರಿಗೆ ಮಾತ್ರ ಎಲ್ಲ ಓಟವೂ ಮ್ಯಾರಥಾನ್. ಐದು ಕಿಲೋಮೀಟರಿನದಕ್ಕೂ ನಮ್ಮ ಕಡೆ ಅದೇ ಹೆಸರು. ನಿಜವಾದ ಮ್ಯಾರಥಾನ್ 42.195 ಕಿಲೋಮೀಟರ್, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತಲ್ಲಿಗೆ ಮುಗಿಸಬೇಕೆಂದು ಬಂದ ಅಳತೆ ಅದು, 1921ರಲ್ಲಿ ಅದನ್ನೇ ಖಾಯಂ ಮಾಡಿದರು, ಹಾಗಾಗಿ ಆ ಕೊನೆಯ 195 ಮೀಟರಿನ ಸಂಕಟಕ್ಕೆ ಬ್ರಿಟಿಷ್ ದೊರೆಗಳೇ ಹೊಣೆ ಎಂದು ಮೊದಮೊದಲು ವಿವರಿಸುತ್ತಿದ್ದೆ. ದೊಡ್ಡಮ್ಮ ಎಲ್ಲವನ್ನೂ ಕೇಳಿ, "ಅಷ್ಟು ಓಡಿಯೂ ಹೊಟ್ಟೆ ಹಾಗೆಯೇ ಉಂಟಲ್ಲ ಮಗಾ" ಎಂದರು. ಅದಕ್ಕೂ ಲೆಕ್ಕವಿದೆ. 75 ಕಿಲೋ ತೂಕದವನು ಒಂದು ಕಿಲೋಮೀಟರ್ ಓಡಿದರೆ ಕರಗುವುದು ಹೆಚ್ಚುಕಡಿಮೆ 75 ಕ್ಯಾಲೊರಿ. ಓಟ ಮುಗಿಸಿ ಎಲ್ಲರೂ ಸೇರುವ ಹೋಟೆಲಿನಲ್ಲಿ ಎರಡು ಬನ್ಸ್, ಒಂದು ಪ್ಲೇಟು ಗೋಳಿಬಜೆ, ಮೇಲೊಂದು ಕಾಫಿಯಾದರೆ ಲೇಡಿಹಿಲ್‌ನಿಂದ ಪಣಂಬೂರಿನವರೆಗಿನ ದುಡಿಮೆ ಜಮಾ-ಖರ್ಚಿನಲ್ಲಿ ಸರಿಹೋಗುತ್ತದೆ.

ಕಳೆದ ತಿಂಗಳು ಆ ಹೋಟೆಲಿನಲ್ಲೇ, ಬನ್ಸಿನ ಎರಡನೆಯದನ್ನು ಮುರಿಯುತ್ತಿದ್ದಾಗ, ನಿವೃತ್ತ ಟೀಚರ್ ಒಬ್ಬರು ಎದುರು ಬಂದು ಕುಳಿತರು. ಮುಖ ಗುರುತಾಗಲಿಲ್ಲ. ಸಹಜವಾಗಿ, ಎದ್ದು ಹೋಗುವಾಗ ನೋಡೋಣವೆಂದುಕೊಂಡೆ. ಅವರೇ ಮಾತು ತೆಗೆದರು.

"ನಿಮ್ಮ ಹತ್ತಿರ ಒಮ್ಮೆ ಮಾತಾಡಬೇಕೂಂತ ಇದ್ದೆ. ಹೋದ ಮಳೆಗಾಲದಿಂದ ನಾನು ನಿಮ್ಮ ಹಿಂದೆಯೇ ಓಡುವುದು."

"ನನ್ನ ಹಿಂದೆಯಾ?" ಎಂದೆ. ನನ್ನ ಹಿಂದೆ ಲಾರಿಗಳಿರುತ್ತವೆಂದು ಮಾತ್ರ ತಿಳಿದಿದ್ದವನು ನಾನು.

"ನೀವು ತಿರುಗಿ ನೋಡುವುದೇ ಇಲ್ಲವಲ್ಲ. ಕೊಟ್ಟಾರದಲ್ಲಿ ಒಮ್ಮೆ ಎಡಗೈಯಿಂದ ಕುತ್ತಿಗೆ ಒರೆಸುತ್ತೀರಿ, ಸೇತುವೆ ಹತ್ತುವಾಗ ಬಲಗಾಲು ಟಪ್ಪೆಂದು ಇಡುತ್ತೀರಿ. ಆ ಸದ್ದು ಕೇಳುತ್ತ ಇದ್ದರೆ ನನಗೂ ಪಣಂಬೂರು ಬರುತ್ತದೆ." ಕಾಫಿಯನ್ನು ಆರಿಸಿ ಒಂದು ಗುಟುಕು ಕುಡಿದು, ಸ್ವಲ್ಪ ತಗ್ಗಿದ ದನಿಯಲ್ಲಿ, "ಮತ್ತೆ ಬೇಸರ ಮಾಡಬೇಡಿ. ಆ ನೀಲಿ ಅಂಗಿ ಉಂಟಲ್ಲ, ಬೆನ್ನಿನ ಹತ್ತಿರ, ಎಡ ಕಂಕುಳಿನ ಕೆಳಗೆ ಹೊಲಿಗೆ ಬಿಟ್ಟು ಎರಡು ತಿಂಗಳಾಯಿತು" ಎಂದರು.

ಮನೆಗೆ ಬಂದು ಅಂಗಿ ಬಿಚ್ಚಿ ಬೆಳಕಿಗೆ ಹಿಡಿದೆ. ನಾಲ್ಕು ಬೆರಳು ತೂರುವಷ್ಟು ಹರಿದಿತ್ತು. ಹೆಂಡತಿ ಅದನ್ನು ಕೈಯಿಂದ ತೆಗೆದುಕೊಂಡು, ಇಷ್ಟು ದಿನ ಕಾಣದ್ದು ಇವತ್ತು ಹೇಗೆ ಕಂಡಿತು ಎಂದು ಕೇಳಿ, ಸೂಜಿಗೆ ನೀಲಿ ದಾರ ಪೋಣಿಸಿಕೊಂಡು ಬಂದಳು. ಇರಲಿ, ಬರುವ ಭಾನುವಾರ ಒಂದು ಕಳೆಯಲಿ ಎಂದೆ.